ಪೇಟಿಗೆ ಸಿಗದ ಮೀಂಡ್, ಹಾರ್ಮೋನಿಕಾದ ರೆಗೆ

1950ರಲ್ಲಿ ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದಾಗ ಅದರ ಪ್ರಸಾರದಲ್ಲಿ ಪೇಟಿಗೆ, ಅಂದರೆ ಹಾರ್ಮೋನಿಯಂಗೆ, ಸ್ಥಾನವಿರಲಿಲ್ಲ. ಹಾರ್ಮೋನಿಯಂ ಮೇಲೆ ಆಕಾಶವಾಣಿ 1940ರಲ್ಲಿ ಹೇರಿದ ನಿಷೇಧವು 1971ರವರೆಗೂ ಉಳಿದಿತ್ತು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ, ನಾಟಕ ಕಂಪನಿಗಳ ರಂಗದ ಮುಂದೆ, ಊರೂರಿನ ಭಜನಾ ಮಂಡಳಿಗಳಲ್ಲಿ ಪೇಟಿಯಿಲ್ಲದೆ ಹಾಡೇ ಇಲ್ಲ ಎಂಬಂತಿದ್ದ ಕಾಲದಲ್ಲಿ ಬಾನುಲಿಯು ಅದನ್ನು ದೂರವಿಟ್ಟದ್ದಕ್ಕೆ ಮುಖ್ಯ ಕಾರಣ, ಅದರ ಸ್ವರಗಳು ಕದಲುವುದಿಲ್ಲ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಬರುವುದಿಲ್ಲ ಎಂಬ ಆಕ್ಷೇಪ. ಭೌತಶಾಸ್ತ್ರದ ದೃಷ್ಟಿಯಿಂದ ಆಕ್ಷೇಪ ಸರಿಯೇ ಆಗಿತ್ತು. ಆದರೆ ಅದೇ ಜಾತಿಯ ಹಿತ್ತಾಳೆ ರೀಡುಗಳಿರುವ, ಅಂದರೆ ಗಾಳಿಗೆ ಕಂಪಿಸುವ ತೆಳು ಪಟ್ಟಿಗಳಿರುವ, ಅಂಗೈಯಲ್ಲಿ ಅಡಗುವ ಹಾರ್ಮೋನಿಕಾದಲ್ಲಿ ಮೀಂಡ್ ಚೆನ್ನಾಗಿಯೇ ಬರುತ್ತದೆ. ಜಮೈಕಾದ ರೆಗೆ ಹಾಡುಗಳನ್ನು ಅದರಲ್ಲಿ ನುಡಿಸಬಯಸುವವರು ಇದಕ್ಕೆ ಕಾರಣವೇನೆಂದು ಮೊದಲು ತಿಳಿಯುವುದು ಒಳ್ಳೆಯದು.

ಹತ್ತು ರಂಧ್ರಗಳ ಡಯಾಟೋನಿಕ್ (ಏಳು ಸ್ವರಗಳ ಶ್ರೇಣಿಗೆ ಹೊಂದಿಸಿದ) ಹಾರ್ಮೋನಿಕಾದಲ್ಲಿ ಇಪ್ಪತ್ತು ರೀಡುಗಳಿರುತ್ತವೆ. ಪ್ರತಿ ರಂಧ್ರದ ಹಿಂದಿನ ಒಂದೇ ಕೋಣೆಯಲ್ಲಿ ಎರಡು ರೀಡುಗಳು ನೆಲೆಸಿದ್ದು, ಒಂದು ಊದಿದಾಗ, ಇನ್ನೊಂದು ಉಸಿರೆಳೆದಾಗ ನುಡಿಯುತ್ತದೆ. ಸಿ ಶ್ರುತಿಯ ವಾದ್ಯದಲ್ಲಿ ಸಿಯನ್ನೇ ಷಡ್ಜವೆಂದು ಹಿಡಿದರೆ, 3ನೇ ರಂಧ್ರದಲ್ಲಿ ಊದಿದರೆ ಪಂಚಮ, ಎಳೆದರೆ ಶುದ್ಧ ನಿಷಾದ. ಎಳೆಯುತ್ತಲೇ ನಾಲಿಗೆಯನ್ನು ಹಿಂದಕ್ಕೆ ತಗ್ಗಿಸಿ ಬಾಯಿಯೊಳಗಿನ ಗಾಳಿಯ ಅನುರಣನವನ್ನು ಕೆಳಗಿಳಿಸಿದರೆ ನಿಷಾದವು ಕೋಮಲ ನಿಷಾದ, ಶುದ್ಧ ಧೈವತಗಳನ್ನು ಹಾದು ಕೋಮಲ ಧೈವತದವರೆಗೆ ಜಾರುತ್ತದೆ. ಈ ಇಳಿತದಲ್ಲಿ ನಿಷಾದದ ರೀಡು ಕ್ರಮೇಣ ಕೆಲಸ ಬಿಡುತ್ತದೆ, ಊದುವಾಗ ಮಾತ್ರ ನುಡಿಯಬೇಕಾದ ಪಂಚಮದ ರೀಡು ಅದನ್ನು ವಹಿಸಿಕೊಳ್ಳುತ್ತದೆ. ಹೃದಯ ಶಸ್ತ್ರಚಿಕಿತ್ಸಕರಾಗಿದ್ದ ಅಮೆರಿಕದ ಹೆನ್ರಿ ಬ್ಯಾನ್ಸನ್ ಮತ್ತು ಸಂಗಡಿಗರು ರೀಡುಗಳ ಚಲನೆಯನ್ನು ಅಳೆದು 1998ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಹಸ್ತಾಂತರವನ್ನೇ ಪರಿಶೀಲಿಸಿತ್ತು. ಇದರಿಂದ ಒಂದು ಸರಳ ಲೆಕ್ಕ ಹೊರಡುತ್ತದೆ: ಒಂದು ಕೋಣೆಯ ಎರಡು ಸ್ವರಗಳ ನಡುವೆ ಎಷ್ಟು ಅರ್ಧಸ್ವರಗಳ (ಪೇಟಿಯ ಪಕ್ಕಪಕ್ಕದ ಎರಡು ಕೀಲಿಗಳ ನಡುವಿನಷ್ಟು) ಅಂತರವಿದೆಯೋ, ಅದಕ್ಕಿಂತ ಒಂದು ಕಡಿಮೆ ಅರ್ಧಸ್ವರದಷ್ಟು ಮೀಂಡ್ ಸಿಗುತ್ತದೆ. 3ನೆಯದರಲ್ಲಿ ಮೂರು, 2ನೆಯದರಲ್ಲಿ ಎರಡು. ಗಾಂಧಾರ ಮತ್ತು ಮಧ್ಯಮಗಳು ಅಂಟಿಕೊಂಡಿರುವ 5ನೆಯದರಲ್ಲಿ ಒಂದು ಅರ್ಧಸ್ವರವೂ ಪೂರ್ತಿ ಇಲ್ಲ.

ಪೇಟಿಯ ರೀಡು ಬಾತೆಯ (ತಿದಿಯ) ಗಾಳಿಪೆಟ್ಟಿಗೆಯ ಮೇಲೆ ಕುಳಿತಿರುತ್ತದೆ, ನುಡಿಸುವವರ ಬಾಯಿಗೂ ಅದಕ್ಕೂ ಸಂಬಂಧವಿಲ್ಲ, ಜೊತೆಗೊಂದು ವಿರುದ್ಧ ರೀಡೂ ಇಲ್ಲ. ಕಡಿಮೆ ಬೆಲೆಗೆ ಹೆಚ್ಚಾಗಿ ದೊರೆಯುವ ಎರಡು ಸಾಲಿನ ಟ್ರೆಮೊಲೊ ಮೌತ್ ಆರ್ಗನ್ನಿನದೂ ಬಹುಮಟ್ಟಿಗೆ ಇದೇ ಪಾಡು. ಅದರಲ್ಲಿ ಪ್ರತಿ ರೀಡಿಗೂ ಬೇರೆ ಕೋಣೆ ಇರುವುದರಿಂದ ರೆಗೆ ಕಲಿಯಲು ಹೊರಟವರು ಅದನ್ನು ಕೊಳ್ಳದಿರುವುದೇ ಮೇಲು.

ರೆಗೆಯ ಜೀವಾಳ ಮಾತ್ರ ಮೀಂಡಿನಲ್ಲಿಲ್ಲ, ಲಯದಲ್ಲಿದೆ. ಸ್ಕಾ ಮತ್ತು ರಾಕ್‌ಸ್ಟೆಡಿ ಎಂಬ ಹಿಂದಿನ ಶೈಲಿಗಳಿಂದ ಬೆಳೆದು 1968ರ ಸುಮಾರಿಗೆ ಜಮೈಕಾದಲ್ಲಿ ರೂಪು ತಳೆದ ಈ ಸಂಗೀತದಲ್ಲಿ ನಾಲ್ಕು ಎಣಿಕೆಯ ಆವರ್ತದ 2 ಮತ್ತು 4ನೇ ಎಣಿಕೆಗಳಲ್ಲಿ ಗಿಟಾರ್ ಕಾರ್ಡನ್ನು, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛವನ್ನು, ಚುಟುಕಾಗಿ ಕತ್ತರಿಸುತ್ತದೆ. ಇದನ್ನು ಸ್ಕ್ಯಾಂಕ್ ಎನ್ನುತ್ತಾರೆ. ವನ್ ಡ್ರಾಪ್ ಎಂಬ ಪ್ರಸಿದ್ಧ ನಡೆಯಲ್ಲಿ ಡ್ರಮ್ಮಿನ ಪೆಟ್ಟು 3ರ ಮೇಲೆ ಬೀಳುತ್ತದೆ, ಮೊದಲ ಎಣಿಕೆ ಬರಿದು. ತಾಳದ ಮೊದಲ ಎಣಿಕೆಯಾದ ಸಮದ ಮೇಲೆ ತಲೆದೂಗಿ ಬೆಳೆದ ನಮ್ಮ ಹುಬ್ಬಳ್ಳಿ-ಧಾರವಾಡದ ಶ್ರೋತೃಗಳಿಗೆ ಇದು ವಿಚಿತ್ರವೆನಿಸಬಹುದು. ಆದರೆ ಒತ್ತಿಲ್ಲದ ಎಣಿಕೆಯಾದ ಖಾಲಿಯಿಂದಲೇ ಆರಂಭವಾಗುವ ತಬಲಾದ ರೂಪಕ ತಾಳವನ್ನು ಕೇಳಿ ಗೊತ್ತಿರುವವರು ಹೆಚ್ಚು ಬೆರಗಾಗಬೇಕಿಲ್ಲ.

ಈ ಸ್ಕ್ಯಾಂಕಿಗೆ ಹಾರ್ಮೋನಿಕಾ ಹೇಳಿ ಮಾಡಿಸಿದ ವಾದ್ಯ ಎಂಬುದು ನನ್ನ ಅಭಿಪ್ರಾಯ. 4, 5, 6ನೇ ರಂಧ್ರಗಳನ್ನು ಒಟ್ಟಿಗೆ ಊದಿದರೆ ಷಡ್ಜ, ಗಾಂಧಾರ, ಪಂಚಮಗಳು ಕೂಡಿದ ಸಿ ಮೇಜರ್. ತುಟಿ ಕದಲಿಸದೆ ಎಳೆದರೆ ರಿಷಭ, ಮಧ್ಯಮ, ಧೈವತಗಳು ಕೂಡಿದ ಡಿ ಮೈನರ್. ರೆಗೆಯಲ್ಲಿ ಎರಡೇ ಕಾರ್ಡುಗಳ ಮೇಲೆ ಕೊನೆಯವರೆಗೂ ಸಾಗುವ ಹಾಡುಗಳು ಬೇಕಾದಷ್ಟಿವೆ, ಈ ಜೋಡಿಯೂ ಅಲ್ಲಿ ಅಪರೂಪದ್ದಲ್ಲ. ನಿಮಿಷಕ್ಕೆ 150 ಎಣಿಕೆಯ ನಡೆಯಲ್ಲಿ ಒಂದೊಂದು ಎಣಿಕೆಗೆ 0.4 ಸೆಕೆಂಡು ದೊರೆಯುತ್ತದೆ; ಕಾರ್ಡ್ ಅದರ ಅರ್ಧಕ್ಕಿಂತ ಮೊದಲೇ ನಿಲ್ಲಬೇಕು. ಬಾಯಲ್ಲಿ ‘ಕ’ ಅಕ್ಷರವನ್ನು ಧ್ವನಿಯಿಲ್ಲದೆ ಉಚ್ಚರಿಸಿ ಉಸಿರನ್ನು ತಡೆದರೆ ಆ ಕಡಿತ ಬರುತ್ತದೆ. ದೊಡ್ಡದಾದ, ಭಾರವಾದ ಮಂದ್ರ ರೀಡುಗಳು ಪೂರ್ಣ ಕಂಪನಕ್ಕೆ ಏರಲು ಹೆಚ್ಚು ಸಮಯ ತೆಗೆದುಕೊಳ್ಳುವುದರಿಂದ 1, 2ನೇ ರಂಧ್ರಗಳಲ್ಲಿ ಸ್ಕ್ಯಾಂಕ್ ಸಾಮಾನ್ಯವಾಗಿ ತುಸು ಹಿಂದೆ ಬೀಳುತ್ತದೆ. ಸತತವಾಗಿ ಎಳೆಯುವ ಕಾರ್ಡುಗಳಿಂದ ಎದೆ ತುಂಬಿಬಿಡುವುದೂ ಉಂಟು. ಬರಿದಾದ ಎಣಿಕೆಗಳಲ್ಲಿ ಮೂಗಿನಿಂದ ಗಾಳಿ ಬಿಡುವುದು ಅದಕ್ಕೆ ಪರಿಹಾರ.

ಜಮೈಕಾಕ್ಕೆ ಈ ವಾದ್ಯ ಹೊಸದಲ್ಲ. 1960ರ ದಶಕದ ಸ್ಕಾ ಧ್ವನಿಮುದ್ರಣಗಳಲ್ಲಿ ಚಾರ್ಲಿ ಆರ್ಗನೇರ್ ಹಾರ್ಮೋನಿಕಾ ನುಡಿಸಿದ್ದರು, ಬಾಬ್ ಮಾರ್ಲಿಯವರ 1974ರ ಆಲ್ಬಮ್‌ನಲ್ಲಿ ಅಮೆರಿಕದ ಲೀ ಜಾಫಿ ಅವರ ಹಾರ್ಮೋನಿಕಾ ಕೇಳಿಸುತ್ತದೆ. 1970ರ ದಶಕದಲ್ಲಿ ಅಗಸ್ಟಸ್ ಪ್ಯಾಬ್ಲೊ ಅವರಿಂದ ಹೆಸರಾದ ಮೆಲೋಡಿಕಾ ಕೂಡ ಇದೇ ರೀಡ್ ಕುಟುಂಬದ್ದು. ಬಾಯಿಂದ ಊದುವ ಪೇಟಿ ಎಂದರೂ ನಡೆಯುತ್ತದೆ.

ಪ್ಯಾಬ್ಲೊ ಅವರಂತೆ ಮೈನರ್ ಛಾಯೆಯ ರಾಗಗಳನ್ನು ನುಡಿಸಬೇಕಾದರೆ ಸಿ ಹಾರ್ಮೋನಿಕಾದಲ್ಲಿ 4ನೇ ರಂಧ್ರದ ಎಳೆತವನ್ನು, ಅಂದರೆ ರಿಷಭವನ್ನು, ಷಡ್ಜವಾಗಿ ಮಾಡಿಕೊಳ್ಳಬೇಕು. ಆಗ ಗಾಂಧಾರ ನಿಷಾದಗಳು ಕೋಮಲವಾಗಿ ಕಾಫಿ ಥಾಟ್, ಅಂದರೆ ಕಾಫಿಯ ಸ್ವರಶ್ರೇಣಿ, ದೊರೆಯುತ್ತದೆ, 4, 5, 6ರ ಎಳೆತವೇ ಹಾಡು ಮರಳಿ ಬಂದು ನಿಲ್ಲುವ ಮನೆಯ ಕಾರ್ಡ್ ಆಗುತ್ತದೆ. ಹಾಡು ಕೋಮಲ ಧೈವತ ಬಯಸಿದರೆ ತೊಡಕು. ಮಂದ್ರದಲ್ಲಿ ಅದು 3ನೇ ರಂಧ್ರದ ಸಣ್ಣ ಮೀಂಡಿನಿಂದ ಬರುತ್ತದೆ, ಮಧ್ಯ ಸಪ್ತಕದಲ್ಲಿ ಓವರ್‌ಬ್ಲೋ ಎಂಬ ಕಠಿಣ ತಂತ್ರವಿಲ್ಲದೆ ಬಾರದು. ಅಂಥ ಹಾಡುಗಳಿಗೆ ಧೈವತವನ್ನೇ ಷಡ್ಜ ಮಾಡಿಕೊಂಡು ಆಸಾವರಿ ಥಾಟಿನಲ್ಲಿ ನುಡಿಸುವುದು ಸುಲಭ; ಆದರೆ ಅಲ್ಲಿ ಸ್ಕ್ಯಾಂಕಿಗೆ ಬೇಕಾದ ಮನೆಯ ಕಾರ್ಡ್ ಪೂರ್ಣವಾಗಿ ಸಿಗದು, ಅದರ ಷಡ್ಜ ಎಳೆತದಲ್ಲೂ ಉಳಿದೆರಡು ಸ್ವರಗಳು ಊದುವಿಕೆಯಲ್ಲೂ ಇವೆ.