ನೆಲ ಎಷ್ಟು ಕುಸಿದರೆ ಬಿರುಕು ಬಿಡುತ್ತದೆ?

ಪ್ರಶ್ನೆ: ಮಂಗಳೂರಿನಲ್ಲಿ ನೆಲ ಎಷ್ಟು ಸೆಂಟಿಮೀಟರ್ ಕುಸಿದರೆ ಅಪಾಯ?

ಮಳೆಗಾಲ ಶುರುವಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ನಾನೂ ಪ್ರತಿ ಸಲ ಅದನ್ನೇ ಹೇಳುತ್ತೇನೆ. ಎಷ್ಟು ಅಂತ ಕೇಳಬೇಡಿ ಮಾರಾಯ್ರೆ, ಎಲ್ಲಿ ಜಾಸ್ತಿ, ಎಲ್ಲಿ ಕಮ್ಮಿ ಅಂತ ಕೇಳಿ.

ಜಾಸ್ತಿ ಕುಸಿದಷ್ಟೂ ಜಾಸ್ತಿ ಬಿರುಕು ಎಂಬ ನಂಬಿಕೆ ಯಾಕೋ ಹೋಗುವುದೇ ಇಲ್ಲ. ಮೆಕ್ಸಿಕೋ ನಗರದ ದೊಡ್ಡ ಭಾಗ ಇರುವುದು ಹಳೇ ಸರೋವರದ ಮೆತ್ತನೆ ಜೇಡಿಯ ಮೇಲೆ. ಅಡಿಯ ನೀರನ್ನು ಪಂಪು ಮಾಡಿ ಮಾಡಿ ಕೆಲವು ಕಡೆ ನೆಲ ವರ್ಷಕ್ಕೆ 50 ಸೆಂ.ಮೀ. ತನಕ ಇಳಿಯುತ್ತಿದೆ. ಅಲ್ಲಿನ ದೊಡ್ಡ ಕಲಾಮಂದಿರ ಬೆಯಾಸ್ ಆರ್ತೆಸ್ ಕಟ್ಟಿದಂದಿನಿಂದ ಸುಮಾರು 4 ಮೀಟರ್ ಇಳಿದಿದೆ. ಆದರೂ ಒಳಗೆ ಕಾರ್ಯಕ್ರಮ ನಡೆಯುತ್ತಲೇ ಇದೆ! ಹಾಗಾದರೆ ನೆಲ ಸೀಳುವುದು ಎಲ್ಲಿ? ಮುಖ್ಯವಾಗಿ, ಜೇಡಿ ಮುಗಿದು ಗಟ್ಟಿ ಕಲ್ಲು ಶುರುವಾಗುವ ಅಂಚಿನಲ್ಲಿ. ಒಂದು ಬದಿ ಇಳಿಯುತ್ತದೆ, ಇನ್ನೊಂದು ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ನಡುವಿನ ಮಣ್ಣು ಸೀಳುತ್ತದೆ.

ಲೆಕ್ಕ ಸುಲಭ. ಎರಡು ಜಾಗಗಳ ಇಳಿತದ ವ್ಯತ್ಯಾಸವನ್ನು ಅವುಗಳ ನಡುವಿನ ದೂರದಿಂದ ಭಾಗಿಸಿ. ಅದು 300ರಲ್ಲಿ 1 ದಾಟಿದರೆ ಗೋಡೆ ಬಿರುಕು ಬಿಡಬಹುದು ಎಂಬುದು ಎಂಜಿನಿಯರುಗಳ ಹಳೇ ಅಂದಾಜು. 6 ಮೀಟರ್ ದೂರದ ಎರಡು ಕಂಬಗಳಲ್ಲಿ ಒಂದು 2 ಸೆಂ.ಮೀ. ಹೆಚ್ಚು ಇಳಿದರೆ ಅಷ್ಟಾಯಿತು. ಎರಡೂ ಒಟ್ಟಿಗೆ 20 ಸೆಂ.ಮೀ. ಇಳಿದರೆ? ವ್ಯತ್ಯಾಸ ಸೊನ್ನೆ. ನಿಮ್ಮ ನೀರಿನ ಪೈಪು ತುಂಡಾಗಬಹುದು, ಅದು ಬೇರೆ ಮಾತು.

ನಮ್ಮಲ್ಲಿ ಆ ಅಂಚು ಇರುವುದು ಗುಡ್ಡ ಕಡಿದು ಮಾಡಿದ ಸೈಟಿನಲ್ಲಿ. ಮನೆಯ ಹಿಂದಿನ ಅರ್ಧ ಮುರಕಲ್ಲಿನ, ಅಂದರೆ ನಮ್ಮ ಕೆಂಪು ಕಲ್ಲಿನ ಮೇಲೆ, ಮುಂದಿನ ಅರ್ಧ ತುಂಬಿಸಿದ ಮಣ್ಣಿನ ಮೇಲೆ. ಬಿರುಕು ಸರಿಯಾಗಿ ನಡುವೆ ಬರುತ್ತದೆ, ಆಮೇಲೆ ಮೇಸ್ತ್ರಿಗೆ ಬೈಗುಳ. ನೇತ್ರಾವತಿ, ಫಲ್ಗುಣಿ ಬದಿಯ ಗದ್ದೆಗೆ ಮಣ್ಣು ಹಾಕಿ ಕಟ್ಟಿದಲ್ಲೂ ಇದೇ ಕಥೆ. ಉಪಗ್ರಹದ ರಾಡಾರ್ ವರ್ಷಕ್ಕೆ ಕೆಲವೇ ಮಿ.ಮೀ. ಇಳಿತವನ್ನೂ ಹಿಡಿಯುತ್ತದೆ ನಿಜ. ಆದರೆ ತೆಂಗು, ಕಂಗಿನ ತೋಟದ ನಡುವೆ ಅದಕ್ಕೆ ಕಣ್ಣು ಮಂಜು. ಬಿರುಕಿನ ಮೇಲೆ ತೆಳು ಗಾಜಿನ ಪಟ್ಟಿ ಅಂಟಿಸಿ, ತಾರೀಕು ಬರೆದಿಡಿ. ಗಾಜು ಒಡೆದರೆ ಚಲನೆ ನಿಂತಿಲ್ಲ ಅಂತ.

ಇದನ್ನು ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ನಮ್ಮದು ಕಲ್ಲಿನ ನೆಲ ಅಲ್ವಾ ಎನ್ನುವವರು ಬಾವಿ ತೋಡುವವರನ್ನು ಒಮ್ಮೆ ಮಾತಾಡಿಸಿ. ಮುರಕಲ್ಲು ಮುಗಿದ ಮೇಲೆ ಬರುವುದು ಶೇಡಿ ಮಣ್ಣು. ಬಿಳಿ, ಕೆಲವೊಮ್ಮೆ ಗುಲಾಬಿ ಬಣ್ಣ. ಒಣಗಿದಾಗ ಪಿಕಾಸಿಗೂ ಗಟ್ಟಿ, ನೆನೆದರೆ ಕೈಯಲ್ಲೇ ಕರಗುತ್ತದೆ. ನೀರು ಅದನ್ನು ಒಳಗಿಂದಲೇ ತೊಳೆದು ಪೊಳ್ಳು ಮಾಡಬಲ್ಲದು, ಮೇಲಿನ ಕಲ್ಲು ಹಾಗೇ ಕಾಣುತ್ತಿರುತ್ತದೆ. ಮನೆ ಹಿಂದೆ ಗುಡ್ಡ ಕಡಿದ ಬರೆಯ ಬುಡದಿಂದ ಮಳೆಯಲ್ಲಿ ಹಾಲಿನಂಥ ನೀರು ಬರುತ್ತಿದ್ದರೆ ಇನ್ನೊಂದು ಪ್ರಶ್ನೆ ಕಳಿಸುತ್ತಾ ಕೂರಬೇಡಿ. ಎಂಜಿನಿಯರನ್ನು ಕರೆಸಿ.