ಶಾಲೆ ಒಡೆಯುವ ಮೊದಲು ವೇಳಾಪಟ್ಟಿ ನೋಡಿ

ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ನಾನು ಗಣಿತದ ಮೇಷ್ಟ್ರಾಗಿ ಸೇರಿದ ಮೊದಲ ಹೈಸ್ಕೂಲಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳಿದ್ದರು. ಬೆಳಿಗ್ಗೆ ಮೆಟಲ್ ಡಿಟೆಕ್ಟರ್ ಮುಂದಿನ ಸಾಲು ರಸ್ತೆಯ ತಿರುವಿನ ತನಕ ಬೆಳೆಯುತ್ತಿತ್ತು. ಮೊದಲ ಪೀರಿಯಡ್ಡಿಗೆ ಅರ್ಧ ಕ್ಲಾಸು ಖಾಲಿ. ಬಾರದವರಲ್ಲಿ ಯಾರು ಸಾಲಿನಲ್ಲಿ ನಿಂತಿದ್ದಾರೆ, ಯಾರು ಶಾಲೆಯನ್ನೇ ಬಿಟ್ಟಿದ್ದಾರೆ ಎಂದು ಹೇಳುವವರೇ ಇರಲಿಲ್ಲ. ಅಲ್ಲಿನ ಹೈಸ್ಕೂಲ್ ಶಿಕ್ಷಕರಿಗೆ ದಿನಕ್ಕೆ 5 ಕ್ಲಾಸು, ಒಂದೊಂದರಲ್ಲಿ 34 ಮಕ್ಕಳ ತನಕ ಇರಬಹುದಿತ್ತು. ಒಟ್ಟು 170 ಮುಖ. ಫೆಬ್ರವರಿಯಲ್ಲಿ ಟರ್ಮ್ ಬದಲಾದರೆ ವೇಳಾಪಟ್ಟಿಯೂ ಬದಲಾಗಿ, ಆ 170ರಲ್ಲಿ ಬಹುಪಾಲು ಬೇರೆ ಮೇಷ್ಟ್ರ ಪಾಲಾಗುತ್ತಿತ್ತು. ಹೆಸರು ಬಾಯಿಗೆ ಬರುವ ಹೊತ್ತಿಗೆ ಹುಡುಗ ಕೈತಪ್ಪಿರುತ್ತಿದ್ದ.

ಕೆಲವು ವರ್ಷಗಳಲ್ಲಿ ಆ ಶಾಲೆಯನ್ನು ಮುಚ್ಚುವುದೆಂದು ತೀರ್ಮಾನವಾಯಿತು. ಒಂದೇ ದಿನದಲ್ಲಲ್ಲ, 9ನೇ ತರಗತಿಗೆ ಹೊಸಬರನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಿದರು, ಇದ್ದವರು ವರ್ಷ ವರ್ಷ ಮುಂದಕ್ಕೆ ಹೋಗುತ್ತ ಶಾಲೆ ತಾನಾಗಿ ಕರಗಿತು. ಖಾಲಿಯಾದ ಮಹಡಿಗಳಲ್ಲಿ ಒಂದೊಂದಾಗಿ ಸಣ್ಣ ಶಾಲೆಗಳು ಬಂದವು. ನಾನು ಅರ್ಜಿ ಹಾಕಿ ನಾಲ್ಕನೇ ಮಹಡಿಯ ಶಾಲೆ ಸೇರಿದೆ.

ದೊಡ್ಡ ಶಾಲೆಗಿಂತ ಸಣ್ಣದು ಮೇಲು ಎಂಬ ಈ ಯೋಚನೆಗೆ ನ್ಯೂಯಾರ್ಕಿನಲ್ಲಿ ಆಳವಾದ ಬೇರಿದೆ. 1974ರಲ್ಲೇ ಡೆಬೊರಾ ಮೈಯರ್ ಈಸ್ಟ್ ಹಾರ್ಲೆಮ್‌ನಲ್ಲಿ ಸೆಂಟ್ರಲ್ ಪಾರ್ಕ್ ಈಸ್ಟ್ ಎಂಬ ಸಣ್ಣ ಸರ್ಕಾರಿ ಶಾಲೆ ಶುರು ಮಾಡಿದ್ದರು. ತೊಂಬತ್ತರ ದಶಕದಲ್ಲಿ ಮ್ಯಾನ್‌ಹಟನ್ನಿನ ಜೂಲಿಯಾ ರಿಚ್‌ಮನ್ ಹೈಸ್ಕೂಲಿನ ದೊಡ್ಡ ಕಟ್ಟಡದೊಳಗೆ ಹಲವು ಸಣ್ಣ ಶಾಲೆಗಳನ್ನು ಕೂರಿಸಿದರು. ಮೇಯರ್ ಬ್ಲೂಮ್‌ಬರ್ಗ್ ಕಾಲದಲ್ಲಿ, 2002ರಿಂದ 2008ರೊಳಗೆ, ನಗರ 20ಕ್ಕೂ ಹೆಚ್ಚು ದೊಡ್ಡ ಹೈಸ್ಕೂಲುಗಳನ್ನು ಮುಚ್ಚಿ 200ಕ್ಕೂ ಹೆಚ್ಚು ಸಣ್ಣವನ್ನು ತೆರೆಯಿತು. ಬಿಲ್ ಗೇಟ್ಸ್ ಅವರ ದತ್ತಿ ಸಂಸ್ಥೆ ಗೇಟ್ಸ್ ಫೌಂಡೇಶನ್ನಿನ ಹಣವೂ ಹರಿದುಬಂತು. ಇದೇ ದೇಶದಲ್ಲಿ 1959ರಲ್ಲಿ ಜೇಮ್ಸ್ ಕೊನಂಟ್ ಎಂಬ ಶಿಕ್ಷಣ ತಜ್ಞರು ಸಣ್ಣ ಹೈಸ್ಕೂಲುಗಳನ್ನು ಒಗ್ಗೂಡಿಸಿ ಎಂದು ಹೇಳಿದ್ದರು, ಜನ ಅದನ್ನೂ ನಂಬಿ ನಡೆದಿದ್ದರು.

ನಾಲ್ಕನೇ ಮಹಡಿಯಲ್ಲಿ ಏನು ಬದಲಾಯಿತು ಎಂದು ಊರಿಗೆ ಬಂದಾಗ ಎಲ್ಲರೂ ಕೇಳುತ್ತಾರೆ. ಕ್ಲಾಸಿನ ಗಾತ್ರ ಅಷ್ಟೇನೂ ಇಳಿಯಲಿಲ್ಲ. ನಮ್ಮ 9ನೇ ತರಗತಿಯಲ್ಲಿ 108 ಮಕ್ಕಳು, 27ರಂತೆ ನಾಲ್ಕು ಸೆಕ್ಷನ್. ಗಣಿತಕ್ಕೆ ನಾನು, ಇಂಗ್ಲಿಷ್, ವಿಜ್ಞಾನ, ಇತಿಹಾಸಕ್ಕೆ ಒಬ್ಬೊಬ್ಬರು. ನಾಲ್ವರಿಗೂ ಅದೇ 108 ಮಕ್ಕಳು, ವರ್ಷವಿಡೀ. ಬುಧವಾರ ನಾಲ್ವರಿಗೂ ಒಂದೇ ಪೀರಿಯಡ್ ಬಿಡುವು. ಆ ಒಂದು ಪೀರಿಯಡ್ಡೇ ನಮ್ಮ ಶಾಲೆ ಎಂದು ಇವತ್ತಿಗೂ ನನಗೆ ಅನ್ನಿಸುತ್ತದೆ.

ಒಂದು ಬುಧವಾರದ ಮಾತು ಹೇಳುತ್ತೇನೆ. ಒಬ್ಬ ಹುಡುಗ ನನ್ನ ಮೊದಲ ಪೀರಿಯಡ್ಡಿಗೆ ಹನ್ನೊಂದು ದಿನದಲ್ಲಿ ಎರಡೇ ದಿನ ಬಂದಿದ್ದ. ಸೋಮಾರಿ ಎಂದು ನಾನು ಮನಸ್ಸಿನಲ್ಲೇ ತೀರ್ಪು ಕೊಟ್ಟಾಗಿತ್ತು. ಇಂಗ್ಲಿಷ್ ಮೇಡಂ, "ನನಗೆ ಒಂದು ದಿನವೂ ತಪ್ಪಿಸಿಲ್ಲವಲ್ಲ" ಎಂದರು. ವಿಜ್ಞಾನದವರು, ಮಧ್ಯಾಹ್ನ ತೂಕಡಿಸುತ್ತಾನೆ ಎಂದರು. ಇತಿಹಾಸದ ಮೇಷ್ಟ್ರು ಹಿಂದಿನ ಸಂಜೆಯೇ ಮನೆಗೆ ಫೋನ್ ಮಾಡಿದ್ದರು. ತಾಯಿಗೆ ರಾತ್ರಿ ಪಾಳಿ; ಒಬ್ಬ ವೃದ್ಧೆಯನ್ನು ನೋಡಿಕೊಳ್ಳುವ ಕೆಲಸ. ಆಕೆ ಮನೆ ಮುಟ್ಟುವುದು ಎಂಟೂವರೆಗೆ. ಅಷ್ಟರಲ್ಲಿ ತಂಗಿಗೆ ತಿಂಡಿ ಕೊಟ್ಟು, ಜಡೆ ಹೆಣೆದು, ಅವಳ ಶಾಲೆಯ ಬಾಗಿಲು ತೆರೆದ ಮೇಲೆ ಬಿಟ್ಟು ಬರುತ್ತಿದ್ದವನು ಈ ಹುಡುಗ.

ಹತ್ತು ನಿಮಿಷದಲ್ಲಿ ದಾರಿ ಸಿಕ್ಕಿತು. ಅವನನ್ನು ಸಿ ಸೆಕ್ಷನ್ನಿಗೆ ಹಾಕಿದೆವು. ಅಲ್ಲಿ ಗಣಿತ ನಾಲ್ಕನೇ ಪೀರಿಯಡ್, ಮೊದಲನೆಯದು ಚಿತ್ರಕಲೆ. ಚಿತ್ರಕಲೆಯವರು ಅವನನ್ನು ಮಧ್ಯಾಹ್ನದ ಕ್ಲಾಸಿನಲ್ಲಿ ಕೂರಿಸಿಕೊಳ್ಳಲು ಒಪ್ಪಿದರು. ಸೆಕ್ಷನ್ ಬದಲಾದರೂ ಮುಖ್ಯ ವಿಷಯಗಳ ಮೇಷ್ಟ್ರುಗಳು ಬದಲಾಗಲಿಲ್ಲ, ಯಾಕೆಂದರೆ ನಾಲ್ಕೂ ಸೆಕ್ಷನ್ನಿಗೆ ಇದ್ದವರು ನಾವೇ ನಾಲ್ವರು. ನ್ಯೂಯಾರ್ಕ್ ರಾಜ್ಯ ಹೈಸ್ಕೂಲ್ ಮಕ್ಕಳಿಗೆ ನಡೆಸುವ ರೀಜೆಂಟ್ಸ್ ಪರೀಕ್ಷೆಯಲ್ಲಿ ಗಣಿತವನ್ನು ಅವನು ಎರಡನೇ ಸಲಕ್ಕೆ ಪಾಸು ಮಾಡಿದ. ಹಳೆಯ ಶಾಲೆಯಲ್ಲಿ ಇದೇ ಹುಡುಗನ ಐದು ಮೇಷ್ಟ್ರುಗಳು ಐದು ಇಲಾಖೆಗಳಲ್ಲಿ, ಮೂರು ಮಹಡಿಗಳಲ್ಲಿ ಚದುರಿಹೋಗಿರುತ್ತಿದ್ದರು. ನಾನೂ ಅವನನ್ನು ಫೇಲ್ ಮಾಡುತ್ತಿದ್ದೆ, ಕಾರಣ ತಿಳಿಯದೆ. ಹಾಗೆ ಎಷ್ಟು ಮಕ್ಕಳನ್ನು ಮಾಡಿದ್ದೇನೋ ಎಂಬ ನೋವು ಇನ್ನೂ ಹೋಗಿಲ್ಲ.

ಸುಖವೊಂದೇ ಇತ್ತು ಎಂದರೆ ಸುಳ್ಳಾಗುತ್ತದೆ. ನಾಲ್ಕು ಶಾಲೆಗೆ ಒಂದೇ ಕ್ಯಾಂಟೀನ್, ಹಾಗಾಗಿ ನಮ್ಮ ಮಕ್ಕಳ ಮಧ್ಯಾಹ್ನದ ಊಟ ಬೆಳಿಗ್ಗೆ 10:20ಕ್ಕೆ. ಜಿಮ್ಮಿಗೆ, ಲ್ಯಾಬಿಗೆ ಪಾಳಿ. ಪ್ರಾಂಶುಪಾಲರು ವಾರಕ್ಕೊಮ್ಮೆ ಸೇರಿ ಮೆಟ್ಟಿಲು ಯಾರದು, ಸಭಾಂಗಣ ಯಾರದು ಎಂದು ಹಂಚಿಕೊಳ್ಳಬೇಕು. ಒಟ್ಟು ನಾನೂರು ಮಕ್ಕಳಿಗೆ ಕ್ಯಾಲ್ಕುಲಸ್ ಕ್ಲಾಸು ನಡೆಸುವಷ್ಟು ಜನ ಸೇರುವುದಿಲ್ಲ. ಗಣಿತದಲ್ಲಿ ಬಹಳ ಮುಂದಿದ್ದ ಒಬ್ಬಳಿಗೆ ನಾನು ಶಾಲೆ ಬಿಟ್ಟ ಮೇಲೆ ಕೂರಿಸಿ ಹೇಳಿಕೊಟ್ಟೆ. ದೊಡ್ಡ ಶಾಲೆಯಾಗಿದ್ದರೆ ಅದು ಅವಳಿಗೆ ಹಕ್ಕಾಗಿ ಸಿಗುತ್ತಿತ್ತು.

ಫಲಿತಾಂಶದ ವಿಷಯ. ಅಲ್ಲಿನ ಅನೇಕ ಸಣ್ಣ ಶಾಲೆಗಳಿಗೆ ಸೀಟಿಗಿಂತ ಅರ್ಜಿ ಹೆಚ್ಚಿದ್ದಾಗ ಲಾಟರಿ ಎತ್ತುತ್ತಿದ್ದರು. ಎಂಡಿಆರ್‌ಸಿ ಎಂಬ ಸಂಶೋಧನಾ ಸಂಸ್ಥೆ ಲಾಟರಿಯಲ್ಲಿ ಗೆದ್ದವರನ್ನೂ ಸೋತವರನ್ನೂ ಹೋಲಿಸಿತು. ನಾಲ್ಕು ವರ್ಷದಲ್ಲಿ ಹೈಸ್ಕೂಲ್ ಮುಗಿಸಿದವರು ಸೋತವರಲ್ಲಿ 100ಕ್ಕೆ ಸುಮಾರು 62, ಗೆದ್ದವರಲ್ಲಿ ಸುಮಾರು 71. ಬಡ ಮಕ್ಕಳಿರುವ ಶಾಲೆಗಳಲ್ಲಿ ಇದು ಸಣ್ಣ ಮಾತಲ್ಲ.

ಆದರೆ ಡೆನ್ವರ್ ನಗರದ ಮ್ಯಾನ್ಯುಅಲ್ ಹೈಸ್ಕೂಲಿನ ಕತೆಯನ್ನೂ ಇದರ ಪಕ್ಕದಲ್ಲಿಟ್ಟು ಓದಬೇಕು. 2001ರಲ್ಲಿ ಅದನ್ನು ಮೂರು ಶಾಲೆಯಾಗಿ ಒಡೆದರು. ಮಕ್ಕಳು ಬೇರೆ ಕಡೆ ಹೊರಟುಹೋದರು, 2006ರಲ್ಲಿ ಬೀಗ ಬಿತ್ತು. ಮರುವರ್ಷ ಹೊಸದಾಗಿ ತೆರೆಯಬೇಕಾಯಿತು. ತಾವು ಹಣ ಹಾಕಿದ ಸಣ್ಣ ಶಾಲೆಗಳಲ್ಲಿ ಅನೇಕವು ಹೇಳಿಕೊಳ್ಳುವಂಥ ಸುಧಾರಣೆ ತರಲಿಲ್ಲ ಎಂದು ಬಿಲ್ ಗೇಟ್ಸ್ ಅವರೇ 2009ರಲ್ಲಿ ಬರೆದರು. ನ್ಯೂಯಾರ್ಕಿನಲ್ಲೂ ಮುಚ್ಚಿದ ಶಾಲೆಗೆ ಬರಬೇಕಿದ್ದ ಮಕ್ಕಳಲ್ಲಿ ಅನೇಕರು ಉಳಿದ ದೊಡ್ಡ ಶಾಲೆಗಳಿಗೆ ಹೋಗಿ ಅಲ್ಲಿ ದಟ್ಟಣೆ ಹೆಚ್ಚಿತು. ವಿಶೇಷ ಅಗತ್ಯವುಳ್ಳ ಮಕ್ಕಳಿಗೂ ಇಂಗ್ಲಿಷ್ ಬಾರದ ವಲಸೆ ಮಕ್ಕಳಿಗೂ ಹೊಸ ಶಾಲೆಗಳ ಬಾಗಿಲು ಮೊದಮೊದಲು ಪೂರ್ತಿ ತೆರೆದಿರಲಿಲ್ಲ. ಅದು ಅನ್ಯಾಯವೇ.

ಇನ್ನೊಂದು ಎಚ್ಚರಿಕೆ, ಗಣಿತದವನಾಗಿ. ಎಸ್‌ಎಸ್‌ಎಲ್‌ಸಿಯಲ್ಲಿ ನೂರಕ್ಕೆ ನೂರು ತೆಗೆದ ಶಾಲೆಗಳ ಪಟ್ಟಿ ನೋಡಿದಾಗ ಅಲ್ಲಿ ಸಣ್ಣ ಶಾಲೆಗಳು ಎದ್ದು ಕಂಡರೆ ಅಚ್ಚರಿಪಡಬೇಡಿ. ಇಪ್ಪತ್ತು ಮಕ್ಕಳಿರುವಲ್ಲಿ ಇಬ್ಬರು ಫೇಲಾದರೆ ಫಲಿತಾಂಶ ಶೇ 90ಕ್ಕೆ ಇಳಿಯುತ್ತದೆ. ನಾನೂರು ಮಕ್ಕಳಿರುವಲ್ಲಿ ಇಬ್ಬರಿಂದ ಅರ್ಧ ಶೇಕಡಾ ಮಾತ್ರ. ಹಾಗಾಗಿ ಸಣ್ಣ ಶಾಲೆಗಳು ಪಟ್ಟಿಯ ತಲೆಯಲ್ಲೂ ಇರುತ್ತವೆ, ಬುಡದಲ್ಲೂ ಇರುತ್ತವೆ. ತಲೆ ಭಾಗ ಮಾತ್ರ ನೋಡಿ ‘ಸಣ್ಣದೇ ಚೆನ್ನ’ ಎಂದವರು ಅಮೆರಿಕದಲ್ಲೂ ಬಹಳ ಜನ.

ನಮ್ಮಲ್ಲಿ ಈಗ ಗಾಳಿ ಎದುರು ದಿಕ್ಕಿನದು. 2018-19ರಲ್ಲಿ ಶುರುವಾದ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಪೂರ್ವ ಪ್ರಾಥಮಿಕದಿಂದ ಪಿಯುಸಿ ತನಕ ಒಂದೇ ಆವರಣ. ಲ್ಯಾಬು, ವಿಷಯಕ್ಕೊಬ್ಬ ಶಿಕ್ಷಕರು ಸಿಗುತ್ತಾರೆಂಬ ವಾದದಲ್ಲಿ ತಿರುಳಿದೆ. ದೊಡ್ಡ ಆವರಣದಲ್ಲಿ ಮಗು ಕಳೆದುಹೋಗದಂತೆ ಏನು ಮಾಡುತ್ತೇವೆ ಎಂಬುದೇ ನನ್ನ ಚಿಂತೆ.

ಹೋದ ರಜೆಯಲ್ಲಿ ಬಿ.ಎಡ್. ಸಹಪಾಠಿಯೊಬ್ಬನ ಮನೆಗೆ ಹೋಗಿದ್ದೆ. ಅವನೀಗ ಸರ್ಕಾರಿ ಹೈಸ್ಕೂಲಿನ ಹೆಡ್‌ಮಾಸ್ಟರು. ನನ್ನ ಮಾತೆಲ್ಲ ಕೇಳಿ, "ಅಲ್ಲಯ್ಯ, ನಿಮ್ಮಲ್ಲಿ ದುಡ್ಡಿದೆ, ಕೌನ್ಸೆಲರ್ ಇದ್ದಾರೆ. ನನ್ನ ಕಷ್ಟ ನಿನಗೇನು ಗೊತ್ತು?" ಎಂದ. ವೇಳಾಪಟ್ಟಿ ತರಿಸಿಕೊಂಡು ಜಗುಲಿಯ ಮೇಲೆ ಹರಡಿದೆವು. ಎಂಟನೇ ತರಗತಿಯ ಎ ಸೆಕ್ಷನ್ನಿಗೆ ಒಬ್ಬರು ಗಣಿತ, ಬಿ ಸೆಕ್ಷನ್ನಿಗೆ ಇನ್ನೊಬ್ಬರು. ಅವರಿಬ್ಬರೂ ಒಂಬತ್ತು, ಹತ್ತಕ್ಕೂ ಹೋಗುತ್ತಾರೆ. ಎಂಟರ ಎರಡೂ ಸೆಕ್ಷನ್ ಒಬ್ಬರಿಗೇ ಕೊಟ್ಟರೆ ಇನ್ನೊಬ್ಬರಿಗೆ ಒಂಬತ್ತರ ಎರಡೂ ಸಿಗುತ್ತದೆ. ಇಬ್ಬರ ಪೀರಿಯಡ್ ಲೆಕ್ಕವೂ ಹಾಗೇ ಇರುತ್ತದೆ. ಕನ್ನಡ, ವಿಜ್ಞಾನಕ್ಕೂ ಇದೇ. ಎಲ್ಲರೂ ಸೇರಿ ಕೂರಲು ಬಿಡುವು? ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಪಿ.ಟಿ. ಮೇಷ್ಟ್ರು ಎಂಟರ ಎರಡೂ ಸೆಕ್ಷನ್ನುಗಳನ್ನು ಒಟ್ಟಿಗೆ ಮೈದಾನಕ್ಕೆ ಕರೆದೊಯ್ದರೆ ಐವರು ಖಾಲಿ.

ಅವನು ಪೆನ್ಸಿಲ್ ತೆಗೆದು ಆ ಚೌಕದ ಸುತ್ತ ಗೆರೆ ಎಳೆದ. "ಆಗಸ್ಟ್ ತನಕ ನಡೆಸಿ ನೋಡ್ತೀನಿ. ಆಮೇಲೆ ಪೆನ್ನಲ್ಲಿ ಬರೀತೀನಿ" ಎಂದ.