ಟರ್ಬೊ ಇಲ್ಲದ ರೋಟರಿ ಎಂಜಿನ್‌ನಿಂದ ಹೆಚ್ಚು ಪವರ್: ಲೆಕ್ಕ, ಪೋರ್ಟ್, ಆರ್‌ಪಿಎಂ

ರೋಟರಿ ಎಂಜಿನ್‌ನಲ್ಲಿ ವಾಲ್ವ್ ಇಲ್ಲ, ಅದನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟ್ ಇಲ್ಲ. ಗಾಳಿ ಯಾವಾಗ ಒಳಗೆ ಬರಬೇಕು, ಉರಿದ ಗ್ಯಾಸ್ ಯಾವಾಗ ಹೊರಗೆ ಹೋಗಬೇಕು ಅನ್ನೋದನ್ನು ಗೋಡೆಯಲ್ಲಿರುವ ತೂತುಗಳೇ ತೀರ್ಮಾನಿಸುತ್ತವೆ. ಈ ತೂತುಗಳಿಗೆ ಪೋರ್ಟ್ ಅಂತ ಹೆಸರು. ತ್ರಿಕೋನದ ರೋಟರ್ ತಿರುಗುತ್ತಾ ಅವುಗಳನ್ನು ತೆರೆಯುತ್ತದೆ, ಮುಚ್ಚುತ್ತದೆ. ಪಿಸ್ಟನ್ ಎಂಜಿನ್‌ನಲ್ಲಿ ಕ್ಯಾಮ್ ಇಷ್ಟವಾಗದಿದ್ದರೆ ಬಿಚ್ಚಿ ಬೇರೆ ಹಾಕಬಹುದು. ಇಲ್ಲಿ ಲೋಹವನ್ನೇ ಉಜ್ಜಿ ತೆಗೆಯಬೇಕು, ಒಮ್ಮೆ ತೆಗೆದರೆ ಮುಗೀತು. ಅದಕ್ಕೇ ಪೋರ್ಟ್ ಕೆಲಸಕ್ಕೆ ಇಳಿಯುವ ಮೊದಲು ಲೆಕ್ಕ ಗೊತ್ತಿರಬೇಕು.

1.3 ಲೀಟರ್ ಅಂದರೆ ನಿಜಕ್ಕೂ ಎಷ್ಟು?

ಮಾಜ್ದಾದ 13ಬಿ ಎಂಜಿನ್ ತಗೊಳ್ಳೋಣ. ಒಂದು ಚೇಂಬರಿನ (ರೋಟರ್‌ನ ಒಂದು ಮುಖಕ್ಕೂ ಗೋಡೆಗೂ ನಡುವಿನ ಜಾಗ) ಅಳತೆಗೆ ಸೂತ್ರ ಹೀಗಿದೆ: 3 × √3 × ರೋಟರ್ ತ್ರಿಜ್ಯ × ಎಕ್ಸೆಂಟ್ರಿಸಿಟಿ × ರೋಟರ್ ಅಗಲ. ಎಕ್ಸೆಂಟ್ರಿಸಿಟಿ ಅಂದರೆ ರೋಟರ್‌ನ ಕೇಂದ್ರ ಶಾಫ್ಟ್‌ನ ಕೇಂದ್ರದಿಂದ ಎಷ್ಟು ದೂರ ಇದೆ ಅನ್ನುವುದು. ತ್ರಿಜ್ಯ 105 ಮಿ.ಮೀ., ಎಕ್ಸೆಂಟ್ರಿಸಿಟಿ 15 ಮಿ.ಮೀ., ಅಗಲ 80 ಮಿ.ಮೀ. ಗುಣಿಸಿದರೆ ಸುಮಾರು 654 ಸಿಸಿ. ಎರಡು ರೋಟರ್ ಸೇರಿ 1308 ಸಿಸಿ. ಹಳೆಯ 12ಎ ಎಂಜಿನ್‌ನಲ್ಲಿ ಅಗಲ ಮಾತ್ರ 70 ಮಿ.ಮೀ., ಉಳಿದ ಎರಡು ಅಳತೆ ಅದೇ. ಹಾಗಾಗಿ ಅದು 573 ಸಿಸಿಯ ಎರಡು ರೋಟರ್.

ರೋಟರ್ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟ್ ಮೂರು ಸುತ್ತು ತಿರುಗಿರುತ್ತದೆ. ರೋಟರ್‌ಗೆ ಮುಖಗಳೂ ಮೂರು. ಅಂದರೆ ಶಾಫ್ಟ್‌ನ ಪ್ರತಿ ಸುತ್ತಿಗೆ ಪ್ರತಿ ರೋಟರ್‌ನಲ್ಲಿ ಒಂದು ಬಾರಿ ಗಾಳಿ ತುಂಬುತ್ತದೆ, ಒಂದು ಬಾರಿ ಉರಿಯುತ್ತದೆ. ನಾಲ್ಕು ಸ್ಟ್ರೋಕ್ ಪಿಸ್ಟನ್ ಎಂಜಿನ್ ತನ್ನ ಪೂರ್ತಿ ಸಿಸಿಯಷ್ಟು ಗಾಳಿ ಎಳೆಯಲು ಎರಡು ಸುತ್ತು ತಗೊಳ್ಳುತ್ತದೆ. ಆದ್ದರಿಂದ ಗಾಳಿಯ ಲೆಕ್ಕದಲ್ಲಿ 13ಬಿಯನ್ನು 2.6 ಲೀಟರ್ ಪಿಸ್ಟನ್ ಎಂಜಿನ್ ಜೊತೆ ಹೋಲಿಸಬೇಕು. "1.3 ಲೀಟರ್‌ನಿಂದ 250 ಎಚ್‌ಪಿ!" ಅನ್ನುವ ಬೆರಗು ಇಲ್ಲಿಗೆ ಸ್ವಲ್ಪ ಇಳಿಯುತ್ತದೆ, ಅಲ್ವಾ?

ಈಗ ಆ 250 ಎಲ್ಲಿಂದ ಬಂತು ನೋಡೋಣ. ಮಾಜ್ದಾ ಆರ್‌ಎಕ್ಸ್-8 ಕಾರಿನ ರೆನೆಸಿಸ್ ಎಂಜಿನ್ (13ಬಿಯದೇ ಹೊಸ ರೂಪ) ಜಪಾನಿನ ಲೆಕ್ಕದಲ್ಲಿ 8500 ಆರ್‌ಪಿಎಂನಲ್ಲಿ, ಅಂದರೆ ಶಾಫ್ಟ್ ನಿಮಿಷಕ್ಕೆ 8500 ಸುತ್ತು ತಿರುಗುವಾಗ, 250 ಎಚ್‌ಪಿ ಕೊಡುತ್ತಿತ್ತು. ಚೇಂಬರ್ ಪೂರ್ತಿ ತುಂಬಿದರೆ ನಿಮಿಷಕ್ಕೆ 1.308 × 8500, ಸುಮಾರು 11,100 ಲೀಟರ್ ಗಾಳಿ. ತೂಕದಲ್ಲಿ ಸೆಕೆಂಡಿಗೆ ಸುಮಾರು 0.22 ಕೆ.ಜಿ. ಹದಿಮೂರು ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್ ಹಿಡಿದರೆ ಸೆಕೆಂಡಿಗೆ 17 ಗ್ರಾಂ ಪೆಟ್ರೋಲ್. ಅದರಲ್ಲಿರುವ ಶಾಖ ಸುಮಾರು 735 ಕಿಲೋವ್ಯಾಟ್. ಕಾಲು ಭಾಗ ಮಾತ್ರ ಶಾಫ್ಟ್‌ಗೆ ತಲುಪಿತು ಅಂದುಕೊಳ್ಳಿ: 184 ಕಿಲೋವ್ಯಾಟ್, ಅಂದರೆ 250 ಎಚ್‌ಪಿ. ಲೆಕ್ಕ ತಾಳೆಯಾಯಿತು.

ಈ ಲೆಕ್ಕದಲ್ಲಿ ನಾವು ಕೈ ಹಾಕಬಹುದಾದ ಜಾಗಗಳು ಮೂರೇ: ಪ್ರತಿ ಸುತ್ತಿಗೆ ತುಂಬುವ ಗಾಳಿ, ನಿಮಿಷಕ್ಕೆ ಸುತ್ತುಗಳು, ಮತ್ತು ಆ ಕಾಲು ಭಾಗ. ಮೂರನೆಯದರಲ್ಲಿ ಸಿಗುವುದು ಕಡಿಮೆ. ಉರಿಯುವ ಜಾಗ ಉದ್ದಕ್ಕೆ, ತೆಳ್ಳಗೆ ಇರುತ್ತದೆ, ಅದೂ ಉರಿಯುತ್ತಲೇ ಸರಿಯುತ್ತಿರುತ್ತದೆ. ಜ್ವಾಲೆ ಮೂಲೆ ಮೂಲೆಗೂ ತಲುಪುವುದಿಲ್ಲ. ಹೆಚ್ಚು ಕಂಪ್ರೆಷನ್ (ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವ ಅಳತೆ) ಇರುವ ರೋಟರ್ ಹಾಕಿದರೆ ಸ್ವಲ್ಪ ಲಾಭವಿದೆ. ಮಾಜ್ದಾದ ಎರಡನೇ ತಲೆಮಾರಿನ ಆರ್‌ಎಕ್ಸ್-7 ಕಾರಿನಲ್ಲಿ ಮೊದಲು 9.4, 1989ರಿಂದ 9.7, ರೆನೆಸಿಸ್‌ನಲ್ಲಿ 10. ಅಷ್ಟೇ. ಉಳಿದಿದ್ದೆಲ್ಲ ಗಾಳಿ ಮತ್ತು ಆರ್‌ಪಿಎಂ.

ಕಳೆದುಹೋದ ಪವರ್ ಮೊದಲು ವಾಪಸ್ ಬರಲಿ

ಇಲ್ಲಿ ಬಹಳ ಜನ ಅವಸರ ಮಾಡುತ್ತಾರೆ. ರೋಟರ್ ಮತ್ತು ಗೋಡೆಯ ನಡುವೆ ಗ್ಯಾಸ್ ಸೋರದಂತೆ ತಡೆಯುವ ಸೀಲುಗಳು ಸವೆದಿದ್ದರೆ ಏನು ಮಾಡಿದರೂ ದಂಡ. ಮೊದಲು ಕಂಪ್ರೆಷನ್, ಅಂದರೆ ಚೇಂಬರಿನೊಳಗೆ ಏರುವ ಒತ್ತಡ, ನೋಡಿ. ಒಂದು ಎಚ್ಚರಿಕೆ: ಪಿಸ್ಟನ್ ಎಂಜಿನ್‌ಗೆ ಬಳಸುವ ಮಾಮೂಲಿ ಗೇಜ್ ಮೂರು ಮುಖಗಳಲ್ಲಿ ಯಾವುದು ಚೆನ್ನಾಗಿದೆಯೋ ಅದರ ಅಂಕಿಯನ್ನಷ್ಟೇ ಹಿಡಿದಿಟ್ಟುಕೊಳ್ಳುತ್ತದೆ. ಒಂದು ಮುಖ ಸತ್ತಿದ್ದರೂ ಗೊತ್ತಾಗುವುದಿಲ್ಲ. ಮೂರನ್ನೂ ಬೇರೆ ಬೇರೆ ತೋರಿಸುವ ರೋಟರಿ ಟೆಸ್ಟರ್ ಬೇಕು. ರೆನೆಸಿಸ್‌ಗೆ 250 ಆರ್‌ಪಿಎಂನಲ್ಲಿ ಕನಿಷ್ಠ 680 ಕಿಲೋಪ್ಯಾಸ್ಕಲ್ ಇರಬೇಕು, ಒಂದೇ ರೋಟರ್‌ನ ಮುಖಗಳ ನಡುವೆ 150ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು.

ಆಮೇಲೆ ಇಗ್ನಿಷನ್ ಕಾಯಿಲ್, ಪ್ಲಗ್. ಆರ್‌ಎಕ್ಸ್-8ರಲ್ಲಿ ಕಾಯಿಲ್ ಸೋತರೆ ಉರಿಯದ ಪೆಟ್ರೋಲ್ ನೇರ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ. ಕನ್ವರ್ಟರ್ ಕರಗಿ ಕಟ್ಟಿಕೊಳ್ಳುತ್ತದೆ, ಗ್ಯಾಸ್ ಹೊರಗೆ ಹೋಗಲು ದಾರಿ ಇಲ್ಲದೆ ಎಂಜಿನ್ ಉಸಿರುಗಟ್ಟುತ್ತದೆ. ಮೇಲಿನ ಆರ್‌ಪಿಎಂಗಳಿಗಾಗಿ ತೆರೆಯುವ ಹೆಚ್ಚುವರಿ ಪೋರ್ಟ್‌ಗಳ ವಾಲ್ವ್‌ಗಳೂ (ಪಿಸ್ಟನ್ ಎಂಜಿನ್‌ನಂಥವಲ್ಲ, ಪೋರ್ಟಿನ ದಾರಿಯನ್ನು ಮುಚ್ಚಿಡುವಂಥವು) ಕಾರ್ಬನ್ ಹಿಡಿದು ಅಂಟಿಕೊಳ್ಳುತ್ತವೆ. ಆರು ಪೋರ್ಟಿನ ರೆನೆಸಿಸ್‌ನಲ್ಲಿ ಕೊನೆಯ ಜೋಡಿ ಪೋರ್ಟ್ ತೆರೆಯುವುದು ಸುಮಾರು 6250 ಆರ್‌ಪಿಎಂಗೆ. ಅದು ತೆರೆಯದೇ ಇದ್ದರೆ ಕೆಳಗೆ ಗಾಡಿ ಚೆನ್ನಾಗೇ ಓಡುತ್ತದೆ, ಮೇಲೆ ಮಾತ್ರ ಮಂಕು. ಎಷ್ಟೋ ಸಲ ಹುಡುಕುತ್ತಿರುವ ಪವರ್ ಇಲ್ಲೇ ಇರುತ್ತದೆ.

ಎಕ್ಸಾಸ್ಟ್, ಮತ್ತು ಅದರೊಳಗಿನ ಒಂದು ಬಲೆ

ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಪಂಪ್) ಇಲ್ಲದ ರೋಟರಿಗೆ ಖರ್ಚಿಗೆ ತಕ್ಕ ಲಾಭ ಕೊಡುವುದು ಎಕ್ಸಾಸ್ಟ್, ಅಂದರೆ ಉರಿದ ಗ್ಯಾಸ್ ಹೊರಹೋಗುವ ಪೈಪ್‌ಗಳು. ವಾಲ್ವ್ ಇಲ್ಲದ ಕಾರಣ ಪೋರ್ಟ್ ಥಟ್ಟನೆ ತೆರೆಯುತ್ತದೆ, ಗ್ಯಾಸ್ ಇನ್ನೂ ಒತ್ತಡದಲ್ಲಿರುವಾಗಲೇ ಹೊರಗೆ ನುಗ್ಗುತ್ತದೆ. ಆ ಸದ್ದು, ಆ ಬಿಸಿ ಎರಡಕ್ಕೂ ಕಾರಣ ಇದೇ. ಕಂಪನಿಯ ಸೈಲೆನ್ಸರ್ ಅದನ್ನು ತಡೆಯಲು ಬಿಗಿಯಾಗಿರುತ್ತದೆ. ಪ್ರತಿ ರೋಟರ್‌ಗೂ ಒಂದೊಂದು ಉದ್ದನೆಯ ಪೈಪ್ ಕೊಟ್ಟು ಮುಂದೆ ಸೇರಿಸಿದರೆ, ಸೇರುವ ಜಾಗದಿಂದ ಕಡಿಮೆ ಒತ್ತಡದ ಅಲೆ ವಾಪಸ್ ಬಂದು ಉಳಿದ ಗ್ಯಾಸನ್ನು ಎಳೆದು ತೆಗೆಯುತ್ತದೆ. ತೆಳು ತಗಡು ಈ ಬಿಸಿಗೆ ಬಾಳುವುದಿಲ್ಲ, ಸೈಲೆನ್ಸರ್ ಒಳಗಿನ ತುಂಬುವಿಕೆಯೂ ಬೇಗ ಸುಟ್ಟುಹೋಗುತ್ತದೆ.

ಈಗ ಬಲೆ. 1986ರಿಂದ 88ರವರೆಗಿನ ಟರ್ಬೊ ಇಲ್ಲದ ಆರ್‌ಎಕ್ಸ್-7ರಲ್ಲಿ ಆರು ಪೋರ್ಟ್ ಇವೆ. ಐದನೇ ಮತ್ತು ಆರನೇ ಪೋರ್ಟ್‌ಗಳ ಒಳಗೆ ತಿರುಗುವ ತೋಳುಗಳಿವೆ (ತಿರುಗಿ ಪೋರ್ಟನ್ನು ತೆರೆದು ಮುಚ್ಚುವ ಕೊಳವೆಗಳು). ಅವುಗಳನ್ನು ತಿರುಗಿಸುವುದು ಎಕ್ಸಾಸ್ಟ್‌ನ ಹಿಂದೊತ್ತಡ. ಎಂಜಿನ್ ಜೋರಾಗಿ ಓಡಿದಾಗ ಎಕ್ಸಾಸ್ಟ್‌ನಲ್ಲಿ ಒತ್ತಡ ಏರುತ್ತದೆ, ಸಣ್ಣ ಪೈಪಿನ ಮೂಲಕ ಆ ಒತ್ತಡ ತೋಳನ್ನು ತಿರುಗಿಸುವ ಆಕ್ಚುಯೇಟರ್‌ಗೆ ಹೋಗುತ್ತದೆ, ಪೋರ್ಟ್ ತೆರೆಯುತ್ತದೆ. ಜಾಣತನದ ವ್ಯವಸ್ಥೆ. ಆದರೆ ನೀವು ಕನ್ವರ್ಟರ್ ಕಿತ್ತು ಸಲೀಸಾದ ಎಕ್ಸಾಸ್ಟ್ ಹಾಕಿದರೆ ಒತ್ತಡವೇ ಏರುವುದಿಲ್ಲ! ತೋಳು ತಿರುಗುವುದಿಲ್ಲ. ದುಡ್ಡು ಸುರಿದು ಹೊಸ ಎಕ್ಸಾಸ್ಟ್ ಹಾಕಿ ಪವರ್ ಕಳೆದುಕೊಂಡ ಹಾಗೆ. ಪರಿಹಾರ ಎಂದರೆ ಆಕ್ಚುಯೇಟರ್‌ಗೆ ಬೇರೆ ಕಡೆಯಿಂದ ಗಾಳಿ ಒತ್ತಡ ಕೊಡುವುದು. 1989ರ ನಂತರದ ಕಾರುಗಳಲ್ಲಿ ಕಂಪನಿಯೇ ಇದಕ್ಕೆ ಏರ್ ಪಂಪ್ ಬಳಸಿತು. ಅಲ್ಲಿ ಬಲೆ ಬೇರೆ: "ಸುಮ್ನೆ ಭಾರ" ಅಂತ ಏರ್ ಪಂಪ್ ಕಿತ್ತುಹಾಕಿದರೆ ಮತ್ತೆ ಅದೇ ಕಥೆ. ತೋಳುಗಳನ್ನು ತೆರೆದೇ ಇಟ್ಟು ತಂತಿ ಕಟ್ಟುವವರೂ ಇದ್ದಾರೆ. ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಹೋಗುತ್ತದೆ, ನನಗೆ ಆ ದಾರಿ ಇಷ್ಟವಿಲ್ಲ.

ಪೋರ್ಟಿಂಗ್

8500 ಆರ್‌ಪಿಎಂನಲ್ಲಿ ಶಾಫ್ಟ್‌ನ ಒಂದು ಸುತ್ತು 7 ಮಿಲಿಸೆಕೆಂಡ್. ರೋಟರಿಯಲ್ಲಿ ಗಾಳಿ ಎಳೆಯುವ ಹಂತ ಶಾಫ್ಟ್‌ನ 270 ಡಿಗ್ರಿ, ಅಂದರೆ ಸುಮಾರು 5.3 ಮಿಲಿಸೆಕೆಂಡ್. 2000 ಆರ್‌ಪಿಎಂನಲ್ಲಿ ಇದೇ ಹಂತಕ್ಕೆ 22 ಮಿಲಿಸೆಕೆಂಡಿಗೂ ಜಾಸ್ತಿ ಸಮಯವಿದೆ. ವೇಗವಾಗಿ ಬರುತ್ತಿರುವ ಗಾಳಿಗೆ ಓಟದ ರಭಸ ಇರುತ್ತದೆ. ಚೇಂಬರ್ ಕುಗ್ಗಲು ಶುರುವಾದ ಮೇಲೂ ಅದು ಒಳಗೆ ನುಗ್ಗುತ್ತಲೇ ಇರುತ್ತದೆ. ಹಾಗಾಗಿ ಮೇಲಿನ ಆರ್‌ಪಿಎಂನಲ್ಲಿ ಪೋರ್ಟ್ ತಡವಾಗಿ ಮುಚ್ಚಿದಷ್ಟೂ ಒಳ್ಳೆಯದು. ಕೆಳಗಿನ ಆರ್‌ಪಿಎಂನಲ್ಲಿ ಆ ರಭಸ ಇಲ್ಲ, ತಡವಾಗಿ ಮುಚ್ಚಿದರೆ ಎಳೆದ ಗಾಳಿ ವಾಪಸ್ ಹೊರಗೆ ಹೋಗುತ್ತದೆ. ಪೋರ್ಟಿಂಗ್‌ನ ಎಲ್ಲ ಜಗಳವೂ ಇದೇ.

ಮೊದಲ ಮೆಟ್ಟಿಲು ಸ್ಟ್ರೀಟ್ ಪೋರ್ಟ್. ಪಕ್ಕದ ಗೋಡೆಯಲ್ಲಿರುವ ಇದ್ದ ಪೋರ್ಟನ್ನೇ ದೊಡ್ಡದು ಮಾಡುವುದು. ಎಷ್ಟು ಬೇಕಾದರೂ ಮಾಡುವ ಹಾಗಿಲ್ಲ. ಒಳಬದಿಯಲ್ಲಿ ಆಯಿಲ್ ಸೀಲ್ ಓಡುವ ದಾರಿ ಇದೆ, ಹೊರಬದಿಯಲ್ಲಿ ರೋಟರ್‌ನ ಮೂಲೆಯ ಕಾರ್ನರ್ ಸೀಲ್ ಓಡುವ ದಾರಿ ಇದೆ. ಆ ದಾರಿಯನ್ನು ಕತ್ತರಿಸಿದರೆ ಸೀಲ್ ಪೋರ್ಟ್ ಒಳಗೆ ಜಾರಿ ಅಂಚಿಗೆ ಬಡಿಯುತ್ತದೆ. ಅಂಚುಗಳನ್ನು ಚೂಪಾಗಿ ಬಿಡದೆ ನಯವಾಗಿ ಇಳಿಜಾರು ಮಾಡಬೇಕು, ರೋಟರ್‌ನ ಪಕ್ಕದಲ್ಲಿರುವ ಸೈಡ್ ಸೀಲ್ ಅದರ ಮೇಲೆ ನಿಮಿಷಕ್ಕೆ ಸಾವಿರಾರು ಸಲ ಹಾದು ಹೋಗುತ್ತದೆ. ಗೆರೆ ಹಾಕಿಕೊಳ್ಳದೆ ಗ್ರೈಂಡರ್ ಹಿಡಿಯಬೇಡಿ.

ಮುಂದಿನದು ಬ್ರಿಡ್ಜ್ ಪೋರ್ಟ್. ಮುಖ್ಯ ಪೋರ್ಟ್‌ನ ಹೊರಗೆ ಹುಬ್ಬಿನ ಆಕಾರದ ಇನ್ನೊಂದು ಸೀಳು ತೆಗೆಯುತ್ತಾರೆ. ಎರಡರ ನಡುವೆ ತೆಳುವಾದ ಸೇತುವೆ ಬಿಡುತ್ತಾರೆ, ಕಾರ್ನರ್ ಸೀಲ್ ಅದರ ಮೇಲೆ ದಾಟಿಹೋಗಲಿ ಅಂತ. ಈ ಸೀಳಿನಿಂದ ಗಾಳಿಯ ದಾರಿ ಬೇಗ ತೆರೆಯುತ್ತದೆ, ಎಕ್ಸಾಸ್ಟ್ ಇನ್ನೂ ಮುಚ್ಚಿರುವುದಿಲ್ಲ. ಇದೇ ಓವರ್‌ಲ್ಯಾಪ್. ಮೇಲಿನ ಆರ್‌ಪಿಎಂನಲ್ಲಿ ಎಕ್ಸಾಸ್ಟ್ ಅಲೆ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ. ಐಡ್ಲಿಂಗ್‌ನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ) ಉಲ್ಟಾ: ಗಾಳಿ ಬರುವ ಮ್ಯಾನಿಫೋಲ್ಡ್ ಪೈಪ್‌ನ ನಿರ್ವಾತ ಉರಿದ ಗ್ಯಾಸನ್ನೇ ಒಳಗೆ ಎಳೆಯುತ್ತದೆ, ಒಂದೊಂದು ಸಲ ಬೆಂಕಿ ಹತ್ತುವುದಿಲ್ಲ. ಎಲ್ಲರೂ ಮೆಚ್ಚಿ ವಿಡಿಯೋ ಮಾಡುವ ಆ "ಬ್ರಾಪ್ ಬ್ರಾಪ್" ಸದ್ದು ಅಸಲಿಗೆ ಸರಿಯಾಗಿ ಉರಿಯದ ಸದ್ದು. ಎರಡು ರೋಟರ್‌ಗಳ ನಡುವಿನ ಗೋಡೆಯ ಪೋರ್ಟ್‌ಗಳನ್ನು ಹಾಗೇ ಬಿಟ್ಟು, ಎಂಜಿನ್‌ನ ಎರಡು ತುದಿಯ ಗೋಡೆಗಳಲ್ಲಿ ಮಾತ್ರ ಸೀಳು ತೆಗೆದರೆ ಅದು ಹಾಫ್ ಬ್ರಿಡ್ಜ್. ರಸ್ತೆಗೂ ಓಡಿಸಬೇಕು ಅನ್ನುವವರಿಗೆ ನನ್ನ ಮಟ್ಟಿಗೆ ಇದೇ ಕೊನೆಯ ಗಡಿ.

ಪೆರಿಫೆರಲ್ ಪೋರ್ಟ್‌ನಲ್ಲಿ ಪಕ್ಕದ ಪೋರ್ಟ್‌ಗಳನ್ನು ಮುಚ್ಚಿ, ರೋಟರ್ ಹೌಸಿಂಗ್‌ಗೇ (ರೋಟರ್‌ನ ಸುತ್ತಲಿನ ಗೋಡೆ) ತೂತು ಕೊರೆದು ಗಾಳಿ ಕೊಡುತ್ತಾರೆ. ಗಾಳಿಗೆ ತಿರುವೇ ಇಲ್ಲ. ಓವರ್‌ಲ್ಯಾಪ್ ಮಾತ್ರ ವಿಪರೀತ. ಇದು ರೇಸ್ ಟ್ರ್ಯಾಕ್‌ನ ಎಂಜಿನ್.

ರೆನೆಸಿಸ್ ವಿಷಯ ಬೇರೆ. ಅದರಲ್ಲಿ ಎಕ್ಸಾಸ್ಟ್ ಪೋರ್ಟ್ ಕೂಡ ಪಕ್ಕದ ಗೋಡೆಯಲ್ಲಿದೆ, ಓವರ್‌ಲ್ಯಾಪ್ ಇಲ್ಲ. ಐಡ್ಲಿಂಗ್ ನೆಮ್ಮದಿಯಾಗಿರುವುದು ಅದರಿಂದಲೇ. ಹಳೆಯ 13ಬಿಗೆ ಹೊಂದುವ ಎಕ್ಸಾಸ್ಟ್ ಲೆಕ್ಕವನ್ನು ಹಾಗೇ ತಂದು ಇದರ ಮೇಲೆ ಹಾಕಿದರೆ ಅಷ್ಟು ಲಾಭ ಸಿಗುವುದಿಲ್ಲ.

ಪೆಟ್ರೋಲ್, ಕಿಡಿ

ಗಾಳಿ ಜಾಸ್ತಿಯಾದರೆ ಪೆಟ್ರೋಲೂ ಜಾಸ್ತಿಯಾಗಬೇಕು, ಗಾಳಿ-ಪೆಟ್ರೋಲ್ ಪ್ರಮಾಣ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಇಲ್ಲದೆ ಇದನ್ನು ಅಂದಾಜಿನಲ್ಲಿ ಮಾಡಬೇಡಿ. ಓವರ್‌ಲ್ಯಾಪ್ ಜಾಸ್ತಿ ಇದ್ದರೆ ಗಾಳಿ ಹಿಂದಕ್ಕೂ ಮುಂದಕ್ಕೂ ತೊನೆಯುತ್ತದೆ. ಏರ್‌ಫ್ಲೋ ಮೀಟರ್ ಒಂದೇ ಗಾಳಿಯನ್ನು ಎರಡು ಸಲ ಎಣಿಸಬಹುದು. ಆಗ ಥ್ರಾಟಲ್ ಎಷ್ಟು ತೆರೆದಿದೆ, ಆರ್‌ಪಿಎಂ ಎಷ್ಟು ಅನ್ನುವ ಎರಡರ ಮೇಲೆ ಮ್ಯಾಪ್ (ಎಷ್ಟು ಪೆಟ್ರೋಲ್ ಕೊಡಬೇಕು ಅನ್ನುವ ಪಟ್ಟಿ) ಕಟ್ಟುತ್ತಾರೆ. ಪ್ರತಿ ರೋಟರ್‌ಗೆ ಎರಡು ಪ್ಲಗ್, ಲೀಡಿಂಗ್ ಮತ್ತು ಟ್ರೇಲಿಂಗ್. ಟ್ರೇಲಿಂಗ್ ಸ್ವಲ್ಪ ತಡವಾಗಿ ಕಿಡಿ ಕೊಡುತ್ತದೆ. ಈ ಅಂತರವನ್ನು ಸುಮ್ಮನೆ ಕಡಿಮೆ ಮಾಡಲು ಹೋಗಬೇಡಿ, ನಾಕಿಂಗ್ (ಪೆಟ್ರೋಲ್ ತಾನಾಗಿಯೇ ಸಿಡಿದು ಉರಿಯುವುದು) ಆದರೆ ಮೊದಲು ಮುರಿಯುವುದು ರೋಟರ್‌ನ ಮೂರು ತುದಿಗಳಲ್ಲಿರುವ ಅಪೆಕ್ಸ್ ಸೀಲ್.

ಆರ್‌ಪಿಎಂ ಪುಕ್ಕಟೆ ಅಲ್ಲ

ರೋಟರಿಯಲ್ಲಿ ಮೇಲೆ ಕೆಳಗೆ ಓಡಾಡುವ ಪಿಸ್ಟನ್ ಇಲ್ಲ, ಹಾಗಾಗಿ ಎಷ್ಟು ಬೇಕಾದರೂ ತಿರುಗಿಸಬಹುದು ಅನ್ನೋ ಮಾತಿದೆ. ಅರ್ಧ ನಿಜ. ರೋಟರ್ ಶಾಫ್ಟ್‌ನ ಮಧ್ಯದಿಂದ ಆಚೆ ಸುತ್ತುವ ಭಾರ. ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: 7500ರಿಂದ 9000ಕ್ಕೆ ಹೋದರೆ 1.44 ಪಟ್ಟು. ಎರಡು ತುದಿಯಲ್ಲಿ ಮಾತ್ರ ಆಧಾರ ಇರುವ ಶಾಫ್ಟ್ ಬಾಗುತ್ತದೆ, ರೋಟರ್ ಗೋಡೆಗೆ ತಾಗುತ್ತದೆ. ಆದ್ದರಿಂದ ರೋಟರ್‌ನ ಅಂಚು ತುಸು ಕೆತ್ತಿ ಜಾಗ ಮಾಡುವುದು, ಬ್ಯಾಲೆನ್ಸ್ ಮಾಡಿಸುವುದು, ಗಟ್ಟಿಗೊಳಿಸಿದ ಸ್ಟೇಷನರಿ ಗೇರ್ (ರೋಟರ್ ಸುತ್ತಲು ಆಧಾರವಾದ, ತಾನು ತಿರುಗದ ಗೇರ್), ಹೆಚ್ಚಿನ ಆಯಿಲ್ ಒತ್ತಡ, ಇಷ್ಟೂ ಬೇಕು. ಆಯಿಲ್ ರೋಟರ್‌ನ ಒಳಗೂ ಹರಿದು ಅದನ್ನು ತಣ್ಣಗಿಡುತ್ತದೆ, ಹಾಗಾಗಿ ಆಯಿಲ್ ಕೂಲರ್ ವಿಷಯದಲ್ಲಿ ಜಿಪುಣತನ ಬೇಡ. ಹಗುರ ಫ್ಲೈವೀಲ್ (ಶಾಫ್ಟ್‌ನ ತುದಿಯ ಭಾರದ ಚಕ್ರ) ಪವರ್ ಕೊಡುವುದಿಲ್ಲ, ಎಂಜಿನ್ ಬೇಗ ಏರುವಂತೆ ಮಾಡುತ್ತದೆ, ಅಷ್ಟೇ.

ಮೇಲಿನ ಮಿತಿ ಎಲ್ಲಿ?

1991ರಲ್ಲಿ ಲೆ ಮಾನ್ಸ್ 24 ಗಂಟೆಗಳ ರೇಸ್ ಗೆದ್ದ ಮಾಜ್ದಾ 787ಬಿ ಕಾರು ನೋಡಿ. ಟರ್ಬೊ ಇಲ್ಲದ ನಾಲ್ಕು ರೋಟರ್, 2.6 ಲೀಟರ್, ಪೆರಿಫೆರಲ್ ಪೋರ್ಟ್, ರೋಟರ್‌ಗೆ ಮೂರು ಪ್ಲಗ್. 9000 ಆರ್‌ಪಿಎಂನಲ್ಲಿ 700 ಎಚ್‌ಪಿ, ಅಂದರೆ ರೋಟರ್‌ಗೆ 175. ರೆನೆಸಿಸ್‌ನದು 125. ರೇಸ್‌ಗೆಂದೇ ಕಟ್ಟಿದ ಕಂಪನಿಯ ಎಂಜಿನ್ನೇ ಎರಡು ರೋಟರ್ ಲೆಕ್ಕದಲ್ಲಿ 350ಕ್ಕೆ ನಿಂತಿರುವಾಗ, ಬ್ರಿಡ್ಜ್ ಪೋರ್ಟ್ ಮಾಡಿ 400 ಕೊಡುತ್ತೇನೆ ಅನ್ನುವವರನ್ನು ನಂಬಬೇಡಿ.

ಆ ಎಂಜಿನ್‌ನ ಇನ್ನೊಂದು ಜಾಣತನ, ಗಾಳಿ ಪೈಪ್‌ಗಳ ಉದ್ದ. ಆರ್‌ಪಿಎಂ ಏರಿದಂತೆ ಪೈಪ್ ಗಿಡ್ಡವಾಗುತ್ತಿತ್ತು, ಎಲ್ಲ ವೇಗದಲ್ಲೂ ಒತ್ತಡದ ಅಲೆ ಸರಿಯಾದ ಹೊತ್ತಿಗೆ ಪೋರ್ಟ್ ತಲುಪುವ ಹಾಗೆ. ನಮ್ಮ ಪೈಪ್ ಒಂದೇ ಉದ್ದದ್ದು, ಅದಕ್ಕೊಂದು ಆರ್‌ಪಿಎಂ ಆರಿಸಿಕೊಳ್ಳಬೇಕು. ಆರಿಸುವ ಮುನ್ನ ಗೇರ್‌ಬಾಕ್ಸ್‌ನ ಅನುಪಾತಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. 2.0ರ ಗೇರ್‌ನಿಂದ 1.4ರ ಗೇರ್‌ಗೆ ಹಾಕಿದರೆ 8500 ಆರ್‌ಪಿಎಂ 5950ಕ್ಕೆ ಬೀಳುತ್ತದೆ. ನೀವು ಕತ್ತರಿಸಲಿರುವ ಪೋರ್ಟ್ 6500ರ ಮೇಲಷ್ಟೇ ಎಚ್ಚರಗೊಳ್ಳುವಂಥದ್ದಾದರೆ, ಪ್ರತಿ ಸಲ ಗೇರ್ ಬದಲಿಸಿದಾಗಲೂ ಕಾರು 550 ಆರ್‌ಪಿಎಂ ಏರುವವರೆಗೆ ತಡವರಿಸುತ್ತದೆ.